‘ಇವತ್ತು ಬಂತಾ?’ ಎಂದು ಕೇಳುವುದನ್ನು ನಿಲ್ಲಿಸಿ ನೋಡಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತೂವರೆ ವರ್ಷ, ಐದನೇ ಕ್ಲಾಸು. ಎರಡು ವರ್ಷದಿಂದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗುತ್ತಿದ್ದಾಳೆ. ನೆಲದ ಮೇಲೆ ಲಾಗ ಹಾಕುವುದು, ಬೀಮ್ ಮೇಲೆ ನಡೆಯುವುದು ಎಲ್ಲ ಚೆನ್ನಾಗಿ ಮಾಡುತ್ತಾಳೆ. ಬಾರ್ ಮೇಲೆ ‘ಕಿಪ್’ ಅಂತ ಒಂದಿದೆಯಂತೆ, ಅದು ಮಾತ್ರ ಹೋದ ಜೂನ್‌ನಿಂದ ಬರುತ್ತಲೇ ಇಲ್ಲ. ಇವಳಿಗಿಂತ ಆಮೇಲೆ ಸೇರಿದ ಮಕ್ಕಳೂ ಮಾಡುತ್ತಿದ್ದಾರೆ. ಸಂಕ್ರಾಂತಿ ಆದ ಮೇಲೆ ಕಿಪ್ ಬಂದವರನ್ನೆಲ್ಲ ಬೇರೆ ಬ್ಯಾಚಿಗೆ ಹಾಕಿದರು. ಇವಳ ಇಬ್ಬರು ಗೆಳತಿಯರೂ ಅಲ್ಲಿಗೆ ಹೋದರು. ಅವತ್ತಿನಿಂದ ಮನೆಗೆ ಬಂದು ಅಳುವುದು, ಅರ್ಧಂಬರ್ಧ ಉಂಡು ಮಲಗುವುದು. ನಮ್ಮ ಯಜಮಾನರು ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ರಾಡ್ ತಂದಿದ್ದಾರೆ. ದೀಪಾ ಕರ್ಮಾಕರ್ ವಿಡಿಯೊ ತೋರಿಸಿ ರಾತ್ರಿ ಅಭ್ಯಾಸ ಮಾಡಿಸುತ್ತಾರೆ. ಅತ್ತೆಯವರು, ‘ಅಂಗೈಯೆಲ್ಲ ಗುಳ್ಳೆ, ಎತ್ತರವೂ ಬೆಳೆಯಲ್ಲ, ಬಿಡಿಸಿ ಭರತನಾಟ್ಯಕ್ಕೆ ಹಾಕು’ ಅನ್ನುತ್ತಾರೆ. ಸರ್ ಬೆನ್ನು, ತೊಡೆ ಹಿಡಿದು ಎತ್ತಿ ಕಲಿಸುವುದೂ ಅವರಿಗೆ ಸರಿಬರುವುದಿಲ್ಲ. ದಸರಾ ರಜೆಗೆ ಮುಂಚೆ ಒಮ್ಮೆ ಕೈ ಜಾರಿ ಬೆನ್ನ ಮೇಲೆ ಬಿದ್ದಿದ್ದಳು, ಮ್ಯಾಟ್ ಇದ್ದದ್ದರಿಂದ ಏನೂ ಆಗಲಿಲ್ಲ. ದಿನಾ ಸ್ಕೂಟರಿನಲ್ಲಿ ಕರೆದುಕೊಂಡು ಬರುವಾಗ ‘ಇವತ್ತು ಬಂತಾ ಪುಟ್ಟಿ?’ ಅಂತ ಕೇಳುತ್ತೇನೆ. ಈಗೀಗ ಉತ್ತರವನ್ನೇ ಕೊಡುವುದಿಲ್ಲ. ಇವಳ ಕೈಯಲ್ಲಿ ಇದು ಆಗುವುದಿಲ್ಲವೇ? ಬಿಡಿಸಿಬಿಡಲೇ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ದಾಟಿಹೋದ ಒಂದು ಸಾಲಿದೆ. ಮಗಳು ಕೈ ಜಾರಿ ಬಿದ್ದದ್ದು. ‘ಏನೂ ಆಗಲಿಲ್ಲ’ ಎಂದಿದ್ದೀರಿ. ಮೂಳೆಗೆ, ಚರ್ಮಕ್ಕೆ ಏನೂ ಆಗಿರಲಿಕ್ಕಿಲ್ಲ. ಆದರೆ ನಾನು ಈ ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಕಿಪ್ ಎನ್ನುವ ಆ ಒಂದು ಚಲನೆಗೂ ಭಯಕ್ಕೂ ನೇರ ಸಂಬಂಧವಿದೆ. ಅದು ಗೊತ್ತಾಗಬೇಕಾದರೆ ಕಿಪ್ ಏನು ಅಂತ ನಿಮಗೆ ಗೊತ್ತಿರಬೇಕು. ಎಂಟು ತಿಂಗಳಿಂದ ಮನೆಯಲ್ಲಿ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದೀರಿ, ಅದು ಹೇಗೆ ನಡೆಯುತ್ತದೆ ಎಂದು ಯಾರಾದರೂ ಪೂರ್ತಿ ನೋಡಿದ್ದೀರಾ?

ಕೆಳಗಿನ ಬಾರ್ ಹಿಡಿದು ಮಗು ಸ್ವಲ್ಪ ಹಿಂದಕ್ಕೆ ಹಾರುತ್ತದೆ. ಕೈಗಳು ನೇರ, ಕಾಲುಗಳು ನೆಲ ಮುಟ್ಟದಂತೆ ಮುಂದಕ್ಕೆ ಜಾರುತ್ತವೆ. ಇದಕ್ಕೆ ಗ್ಲೈಡ್ ಅನ್ನುತ್ತಾರೆ. ಮೈ ಪೂರ್ತಿ ಚಾಚಿಕೊಂಡು ಮುಂದಿನ ತುದಿ ತಲುಪಿದ ಕ್ಷಣದಲ್ಲಿ ಹೊಟ್ಟೆಯನ್ನು ಮಡಚಿ ಎರಡೂ ಪಾದಗಳನ್ನು ಬಾರ್ ಹತ್ತಿರ ತರಬೇಕು. ಅಷ್ಟರಲ್ಲಿ ಮೈ ಹಿಂದಕ್ಕೆ ತೂಗಲು ಶುರುವಾಗಿರುತ್ತದೆ. ಆಗ ಕೈ ಮಡಚದೆ, ಬಾರನ್ನು ಕಣಕಾಲಿನಿಂದ ತೊಡೆಯ ಮೇಲೆ ಹಾಯಿಸಿ ಸೊಂಟದವರೆಗೆ ತರಬೇಕು. ‘ಪ್ಯಾಂಟು ಮೇಲಕ್ಕೆ ಎಳೆದುಕೊಂಡ ಹಾಗೆ’ ಎಂದು ಕೋಚ್‌ಗಳು ಮಕ್ಕಳಿಗೆ ಹೇಳಿಕೊಡುತ್ತಾರೆ. ಕಾಲು ಕೆಳಗಿಳಿದಂತೆ ಭುಜ ಮೇಲೇರುತ್ತದೆ, ಮಗು ಬಾರ್ ಮೇಲೆ ಸೊಂಟ ಊರಿ, ಕೈ ನೆಟ್ಟಗೆ ಮಾಡಿ ನಿಂತಿರುತ್ತದೆ. ಇಷ್ಟೆಲ್ಲ ನಡೆಯುವುದು ಒಂದೆರಡು ಸೆಕೆಂಡಿನಲ್ಲಿ.

ಇದರಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಮೈ ಕೆಳಗಿನಿಂದ ಮೇಲೆ ಬರುವಾಗ ಮಣಿಕಟ್ಟೂ ಬಾರ್ ಹಿಂದಿನಿಂದ ಬಾರ್ ಮೇಲಕ್ಕೆ ತಿರುಗಬೇಕು. ತಿರುಗಬೇಕಾದರೆ ಆ ಒಂದು ಚಣ ಹಿಡಿತ ಸ್ವಲ್ಪ ಸಡಿಲವಾಗಬೇಕು. ಸ್ಪರ್ಧೆಯ ಬಾರ್ ಸುಮಾರು 4 ಸೆಂಟಿಮೀಟರ್ ದಪ್ಪ ಇರುತ್ತದೆ. ಹತ್ತು ವರ್ಷದ ಮಗುವಿನ ಬೆರಳು ಅದನ್ನು ಪೂರ್ತಿ ಸುತ್ತಿಕೊಳ್ಳುವುದೇ ಕಷ್ಟ. ಒಮ್ಮೆ ಕೈ ಜಾರಿ ಬಿದ್ದ ಮಗು ಏನು ಮಾಡುತ್ತದೆ ಹೇಳಿ. ಸಡಿಲ ಬಿಡಬೇಕಾದ ಜಾಗದಲ್ಲೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣಿಕಟ್ಟು ತಿರುಗುವುದಿಲ್ಲ. ತಿರುಗದಿದ್ದರೆ ಮೊಣಕೈ ಮಡಚುತ್ತದೆ, ಸೊಂಟ ಬಾರ್‌ನಿಂದ ದೂರ ಸರಿಯುತ್ತದೆ, ಮಗು ಅರ್ಧಕ್ಕೆ ಬಂದು ವಾಪಸ್ ಇಳಿಯುತ್ತದೆ. ನೋಡಿದವರಿಗೆ ತೋಳಿನಲ್ಲಿ ಶಕ್ತಿ ಸಾಲದು ಎಂದು ಕಾಣುತ್ತದೆ. ‘ಇನ್ನೂ ಜೋರಾಗಿ ಎಳಿ’ ಅನ್ನುತ್ತಾರೆ. ಅವಳು ಜೋರಾಗಿ ಎಳೆದಷ್ಟೂ ಮೊಣಕೈ ಮಡಚುತ್ತದೆ, ಕಿಪ್ ದೂರವಾಗುತ್ತದೆ.

ನಿಮ್ಮ ಮಗಳ ವಿಷಯದಲ್ಲಿ ಇದೇ ಆಗಿದೆ ಎಂದು ಪತ್ರ ಓದಿ ಖಡಾಖಂಡಿತವಾಗಿ ಹೇಳಲಾರೆ. ಪಾದ ಬಾರ್‌ಗೆ ತಡವಾಗಿ ಬರುತ್ತಿರಬಹುದು, ಗ್ಲೈಡ್‌ನಲ್ಲಿ ಮೈ ಪೂರ್ತಿ ಚಾಚದೇ ಇರಬಹುದು, ಹೊಟ್ಟೆಯ ಬಲ ಇನ್ನೂ ಕೂಡದೆ ಇರಬಹುದು. ಆದರೆ ಜೂನ್‌ನಲ್ಲಿ ಕಲಿಯಲು ಶುರು ಮಾಡಿದ್ದು, ದಸರಾಕ್ಕೆ ಮುಂಚೆ ಬಿದ್ದದ್ದು, ಆಮೇಲೆ ಮುಂದೆ ಹೋಗದೆ ನಿಂತದ್ದು — ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಅವಳು ಬಿದ್ದ ದಿನದ ಬಗ್ಗೆ ಅವಳ ಬಾಯಿಂದ ನೀವು ಎಷ್ಟು ಕೇಳಿದ್ದೀರಿ? ಯಾವ ಕೈ ಮೊದಲು ಜಾರಿತು, ಚಾಕ್ ಪುಡಿ ಹಚ್ಚಿಕೊಂಡಿದ್ದಳೇ, ಬಿದ್ದಾಗ ಉಸಿರು ಕಟ್ಟಿದ ಹಾಗಾಯಿತೇ, ಸುತ್ತ ಇದ್ದವರು ನಕ್ಕರೇ? ಬೆನ್ನ ಮೇಲೆ ಬಿದ್ದಾಗ ಎರಡು ಕ್ಷಣ ಉಸಿರು ನಿಂತ ಹಾಗಾಗುತ್ತದೆ. ದೊಡ್ಡವರಿಗೇ ಜೀವ ಹೋದ ಹಾಗಿರುತ್ತದೆ. ಮಕ್ಕಳು ಅದನ್ನು ಹೇಳಿಕೊಳ್ಳುವುದಿಲ್ಲ, ಹೇಳಿದರೆ ಹೆದರುಪುಕ್ಕಿ ಅಂದಾರು ಅಂತ. ಒಂದು ಭಾನುವಾರ ಬಿಡುವಾಗಿ ಕೂತು ಆ ದಿನದ ಕಥೆ ಕೇಳಿ. ನಡುವೆ ‘ಏನೂ ಆಗಲಿಲ್ಲವಲ್ಲ’ ಎನ್ನಬೇಡಿ. ಅವಳು ಹೇಳಿ ಮುಗಿಸಲಿ. ಆಮೇಲೆ, ಅವಳೊಪ್ಪಿದರೆ, ಕೋಚ್‌ಗೂ ತಿಳಿಸಿ. ಕೆಲಸ ಬಲ್ಲ ಕೋಚ್ ಆದರೆ ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ: ಬರೀ ಗ್ಲೈಡ್ ಮಾಡಿಸುತ್ತಾರೆ, ಪೆಟ್ಟಿಗೆಯ ಮೇಲೆ ಕಾಲಿಟ್ಟು ಬರೀ ಮಣಿಕಟ್ಟು ತಿರುಗಿಸುವುದನ್ನು ಮಾಡಿಸುತ್ತಾರೆ, ಮ್ಯಾಟ್ ಇನ್ನೊಂದು ಹಾಸಿ ಬೇಕೆಂದೇ ಕೈ ಬಿಟ್ಟು ಸರಿಯಾಗಿ ಇಳಿಯುವುದನ್ನು ಕಲಿಸುತ್ತಾರೆ. ಬೀಳಲು ಬರುತ್ತದೆ ಎಂದು ಗೊತ್ತಾದ ಮಗುವಿನ ಹಿಡಿತ ತಾನಾಗಿ ಸಡಿಲವಾಗುತ್ತದೆ.

ಇನ್ನು ನಿಮ್ಮ ಸ್ಕೂಟರಿನ ಪ್ರಶ್ನೆ. ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೆ ಕಿಪ್ ದಿನಕ್ಕಿಷ್ಟು ಎಂದು ಬರುವ ವಿದ್ಯೆಯಲ್ಲ. ಗ್ಲೈಡ್ ಸುಧಾರಿಸುತ್ತಿರುತ್ತದೆ, ಹೊಟ್ಟೆ ಗಟ್ಟಿಯಾಗುತ್ತಿರುತ್ತದೆ, ಪಾದ ಒಂದಂಗುಲ ಮುಂಚೆ ಬಾರ್ ತಲುಪುತ್ತಿರುತ್ತದೆ, ಆದರೂ ಹೊರಗಿನಿಂದ ನೋಡಿದರೆ ಮಗು ಪ್ರತಿ ಸಲವೂ ಸೋತು ಇಳಿದಂತೆಯೇ ಕಾಣುತ್ತದೆ. ಎಲ್ಲವೂ ಕೂಡಿಬಂದ ದಿನ ಒಂದೇ ಏಟಿಗೆ ಮೇಲೆ ಬರುತ್ತದೆ. ಮಾರನೆಯ ದಿನ ಮತ್ತೆ ಕೈಕೊಡುತ್ತದೆ, ವಾರ ಕಳೆದ ಮೇಲೆ ಮತ್ತೆ ಬರುತ್ತದೆ. ಹೀಗಿರುವಾಗ ‘ಬಂತಾ?’ ಎನ್ನುವ ಪ್ರಶ್ನೆಗೆ ಅವಳಲ್ಲಿ ಇರುವುದು ಒಂದೇ ಉತ್ತರ, ‘ಇಲ್ಲ’. ಎಂಟು ತಿಂಗಳು ದಿನವೂ ‘ಇಲ್ಲ’ ಎಂದು ಹೇಳಿದ ಮಗು ಈಗ ಸುಮ್ಮನಾಗಿದೆ. ಆ ಮೌನ ನಿಮ್ಮ ಮೇಲಿನ ಸಿಟ್ಟಲ್ಲ, ಹೇಳಲು ಬೇರೇನೂ ಇಲ್ಲ ಅಷ್ಟೆ. ನಾಳೆಯಿಂದ ಸ್ಕೂಟರಿನಲ್ಲಿ ‘ಹಸಿವಾಯ್ತಾ?’ ಎಂದು ಕೇಳಿ, ಅಥವಾ ಸುಮ್ಮನೆ ಬನ್ನಿ. ಬಾರ್ ಸುದ್ದಿ ಅವಳಾಗಿ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತಬೇಡಿ.

ಎಂಟು ತಿಂಗಳು ಹೆಚ್ಚಾಯಿತೇ ಎಂದು ನಿಮಗನ್ನಿಸಿರಬಹುದು. ಹೆಚ್ಚಲ್ಲ. ಜಿಮ್ನಾಸ್ಟಿಕ್ಸ್ ಬಲ್ಲವರಿಗೆ ಕಿಪ್ ಎಂದರೆ ಸಾಧಾರಣ ಮಕ್ಕಳು ತಿಂಗಳುಗಟ್ಟಲೆ ನಿಂತುಬಿಡುವ ಜಾಗ ಎಂದು ಗೊತ್ತು. ಅಮೆರಿಕದಲ್ಲಿ ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್‌ಗೆ ಹತ್ತು ಹಂತಗಳ ಕ್ರಮವಿದೆ. ಅದರಲ್ಲಿ ಮೂರನೇ ಹಂತದವರೆಗೆ ಮಗು ಪುಲ್‌ಓವರ್‌ನಿಂದ, ಅಂದರೆ ಕಾಲನ್ನು ಬಾರ್ ಮೇಲಿಂದ ಹಾಯಿಸಿ ಉರುಳಿಕೊಂಡು, ಮೇಲೇರಿದರೆ ಸಾಕು. ಕಿಪ್ ಕೇಳುವುದು ನಾಲ್ಕನೇ ಹಂತದಲ್ಲಿ. ಆರಂಭದ ಪಾಠಗಳ ಸಾಲಿನಲ್ಲಿ ಇದ್ದರೂ ಅದು ಸುಲಭದ್ದಲ್ಲ.

ಇನ್ನೊಂದು ಕಾರಣವೂ ಇರಬಹುದು. ಹತ್ತು-ಹನ್ನೊಂದರಲ್ಲಿ ಹೆಣ್ಣುಮಕ್ಕಳು ತಟ್ಟನೆ ಉದ್ದವಾಗುತ್ತಾರೆ. ಕಾಲು ಮೊದಲು ಬೆಳೆಯುತ್ತದೆ, ಬಲ ಆಮೇಲೆ ಕೂಡುತ್ತದೆ. ಹೋದ ವರ್ಷ ಸಲೀಸಾಗಿ ಎತ್ತುತ್ತಿದ್ದ ಕಾಲು ಈ ವರ್ಷ ಭಾರ ಎನಿಸುತ್ತದೆ, ಕಲಿತಿದ್ದ ಲೆಕ್ಕವೆಲ್ಲ ತಪ್ಪುತ್ತದೆ. ಸ್ಕೂಲ್ ಯೂನಿಫಾರ್ಮಿನ ಉದ್ದ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹೀಗೆ ಬೆಳೆಯುತ್ತಿರುವ ಮಗುವಿನ ಊಟ ಕಡಿಮೆ ಮಾಡಿಸಬೇಕು, ಮೈ ಹಗುರ ಮಾಡಬೇಕು ಎಂದು ಯಾರೇ ಹೇಳಿದರೂ, ಕೋಚ್ ಹೇಳಿದರೂ, ದಯವಿಟ್ಟು ಕೇಳಬೇಡಿ. ಅವಳಿಗೆ ಈಗ ಬೇಕಾಗಿರುವುದು ಹೆಚ್ಚು ಊಟ, ಹೆಚ್ಚು ನಿದ್ದೆ.

ಯಜಮಾನರಿಗೆ ಒಂದು ಮಾತು, ಇದನ್ನು ಅವರಿಗೂ ಓದಲು ಕೊಡಿ. ಆ ರಾಡ್ ಅನ್ನು ಇವತ್ತೇ ಬಿಚ್ಚಿಡಿ. ಬಾಗಿಲ ಚೌಕಟ್ಟಿನ ಒತ್ತಡಕ್ಕೆ ನಿಲ್ಲುವ ರಾಡ್ ನೇರವಾಗಿ ನೇತಾಡಿದರೆ ತಡೆದೀತು. ಮೈ ಹಿಂದೆಮುಂದೆ ತೂಗಿದರೆ ಕಳಚಿಕೊಳ್ಳಬಹುದು. ಕೆಳಗಿರುವುದು ಮನೆಯ ಗಟ್ಟಿ ನೆಲ, ಮ್ಯಾಟ್ ಅಲ್ಲ. ಅಲ್ಲದೆ ಬಾಗಿಲ ರಾಡ್ ಹಿಡಿದು ಸರಿಯಾಗಿ ಗ್ಲೈಡ್ ಮಾಡಲು ಆಗುವುದಿಲ್ಲ, ಆದ್ದರಿಂದ ಅವಳು ಅಲ್ಲಿ ಕಲಿಯುತ್ತಿರುವುದು ಕೈ ಮಡಚಿ ಎಳೆಯುವುದನ್ನೇ, ಅಂದರೆ ಕಿಪ್‌ಗೆ ಬೇಡವಾದದ್ದನ್ನೇ. ಕ್ಲಾಸಿನಲ್ಲಿ ದಣಿದು ಬಂದ ಮೈ ರಾತ್ರಿ ಮಾಡುವ ಅಭ್ಯಾಸ ತಪ್ಪನ್ನು ಗಟ್ಟಿ ಮಾಡುತ್ತದೆ. ಹೊಸ ಚಲನೆಯೊಂದು ಮೈಗೆ ಹತ್ತುವುದಕ್ಕೆ ನಿದ್ದೆ ಬೇಕು, ಇದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ವಿಷಯ. ಏನಾದರೂ ಮಾಡಿಸಲೇಬೇಕು ಎಂದಿದ್ದರೆ, ಚಾಪೆಯ ಮೇಲೆ ಅಂಗಾತ ಮಲಗಿ ಕೈಕಾಲು, ತಲೆ ಸ್ವಲ್ಪ ಎತ್ತಿ ಸೊಂಟವನ್ನು ನೆಲಕ್ಕೆ ಒತ್ತಿ ಹಿಡಿಯುವುದನ್ನು ಮಾಡಿಸಿ. ಕ್ಲಾಸಿನಲ್ಲಿ ಅದಕ್ಕೆ ‘ಹಾಲೋ’ ಎನ್ನುತ್ತಾರೆ, ಅವಳಿಗೆ ಗೊತ್ತಿರುತ್ತದೆ. ಬೆಳಗ್ಗೆ ಐದು ನಿಮಿಷ ಸಾಕು. ಅಪ್ಪನೂ ಪಕ್ಕದಲ್ಲಿ ಮಲಗಿ ಮಾಡಲಿ, ಎಷ್ಟು ಕಷ್ಟ ಎನ್ನುವುದು ಅವರಿಗೂ ತಿಳಿಯುತ್ತದೆ.

ದೀಪಾ ಕರ್ಮಾಕರ್ ವಿಡಿಯೊ ತೋರಿಸುವುದು ತಪ್ಪಲ್ಲ, ಆದರೆ ಪೂರ್ತಿ ತೋರಿಸಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚಿಗೆ ಬೇಕಿದ್ದದ್ದು ಇನ್ನು 0.150. ಅದನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಅದೇ ರಿಯೊದ ಅರ್ಹತಾ ಸುತ್ತಿನಲ್ಲಿ ಬಾರ್ ಮೇಲೆ ಅವರಿಗೆ ಬಂದದ್ದು 11.666. ಅವರು ಸ್ಪರ್ಧಿಸಿದ ನಾಲ್ಕು ವಿಭಾಗಗಳಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ. ಅಗರ್ತಲಾದ ಆ ಹುಡುಗಿಯ ಅಂಗಾಲು ಚಪ್ಪಟೆ, ಈ ಆಟಕ್ಕೆ ಹೊಂದುವಂಥದ್ದಲ್ಲ ಎಂದೇ ಮೊದಲು ಎಣಿಸಲಾಗಿತ್ತು. ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಮಹಿಳಾ ಜಿಮ್ನಾಸ್ಟ್‌ಗೆ ಬಾರ್ ಬಲವಾದ ವಿಭಾಗವಾಗಿರಲಿಲ್ಲ ಎಂದು ತಿಳಿದರೆ ನಿಮ್ಮ ಮಗಳಿಗೆ ಎಷ್ಟು ಸಮಾಧಾನವಾದೀತು!

ಅತ್ತೆಯವರ ಮಾತುಗಳನ್ನು ತಳ್ಳಿಹಾಕಬೇಡಿ. ಅವುಗಳಲ್ಲಿ ಒಂದು ತಪ್ಪು ತಿಳಿವಳಿಕೆ, ಒಂದು ಸಣ್ಣ ತೊಂದರೆ, ಒಂದು ಗಂಭೀರ ಪ್ರಶ್ನೆ ಇವೆ.

ಎತ್ತರದ ಮಾತು ತಪ್ಪು ತಿಳಿವಳಿಕೆ. ಗಿಡ್ಡ ಮೈಕಟ್ಟಿನವರಿಗೆ ಈ ಆಟ ಅನುಕೂಲ, ಅವರೇ ಕೊನೆತನಕ ಉಳಿದು ಟಿವಿಯಲ್ಲಿ ಕಾಣುತ್ತಾರೆ. ಹೊಟ್ಟೆ ತುಂಬ ಉಣ್ಣುವ ಮಗು ವಾರಕ್ಕೆ ಕೆಲವು ದಿನ ಬಾರ್ ಹಿಡಿದ ಮಾತ್ರಕ್ಕೆ ಕುಳ್ಳಾಗುವುದಿಲ್ಲ. ಇದೇ ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ‘ಸಿಂಗಲ್ ಬಾರ್‌ಗೆ ನೇತಾಡು, ಉದ್ದ ಆಗ್ತೀಯ’ ಎನ್ನುತ್ತಾರಲ್ಲ, ಅದೂ ನಿಜವಲ್ಲ.

ಗುಳ್ಳೆ ಸಣ್ಣ ತೊಂದರೆ. ಬಾರ್ ಮೇಲೆ ಕೆಲಸ ಮಾಡುವ ಎಲ್ಲರ ಅಂಗೈಯೂ ಒಂದಲ್ಲ ಒಂದು ದಿನ ಕಿತ್ತುಹೋಗುತ್ತದೆ. ಸೋಪು ನೀರಿನಲ್ಲಿ ತೊಳೆದು, ಜೋತಾಡುವ ಸತ್ತ ಚರ್ಮವನ್ನು ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ಮುಲಾಮು ಹಚ್ಚಿ ಗಾಳಿಯಾಡುವಂತೆ ಕಟ್ಟಿ. ಗಾಯ ಕೂಡಿಕೊಳ್ಳುವವರೆಗೆ ಬಾರ್ ಬೇಡ, ನೆಲದ ಮೇಲಿನ ಪಾಠ ನಡೆಯಲಿ. ಜಡ್ಡುಗಟ್ಟಿದ ಚರ್ಮವನ್ನು ಸ್ನಾನ ಮಾಡುವಾಗ ಮೈಯುಜ್ಜುವ ಕಲ್ಲಿನಿಂದ ಹಗುರವಾಗಿ ಸವರಿದರೆ ಕಿತ್ತುಬರುವುದು ಕಡಿಮೆ. ರಾತ್ರಿ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುವ ಕೆಲಸವನ್ನು ಅಜ್ಜಿಗೇ ಕೊಡಿ. ಅಂಗೈಗಿಂತ ನೀವು ಗಮನ ಕೊಡಬೇಕಾದದ್ದು ಮಣಿಕಟ್ಟಿಗೆ. ಹೆಬ್ಬೆರಳ ಕಡೆಯ ಮಣಿಕಟ್ಟಿನಲ್ಲಿ ನೋವು ಎಂದು ವಾರಗಟ್ಟಲೆ ಹೇಳುತ್ತಿದ್ದರೆ ಎಣ್ಣೆ ತಿಕ್ಕಿ ಕಳಿಸಬೇಡಿ. ಈ ವಯಸ್ಸಿನಲ್ಲಿ ಮೂಳೆಯ ತುದಿಯ ಬೆಳೆಯುವ ಭಾಗ ಇನ್ನೂ ಮೆದು, ಅಲ್ಲಿ ಪೆಟ್ಟಾದರೆ ಮೂಳೆಯ ಬೆಳವಣಿಗೆಗೇ ಕುಂದು ಬರಬಹುದು. ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳುವಷ್ಟು ದಿನ ವಿಶ್ರಾಂತಿ ಕೊಡಿಸಿ.

ಮೂರನೆಯದು, ಸರ್ ಹಿಡಿದು ಎತ್ತುವುದು. ಅತ್ತೆಯವರು ಇದನ್ನು ಗಮನಿಸಿದ್ದು ಒಳ್ಳೆಯದಾಯಿತು. ಕಿಪ್ ಕಲಿಸುವಾಗ ಕೋಚ್ ಪಕ್ಕದಲ್ಲಿ ನಿಂತು ಒಂದು ಕೈಯನ್ನು ಬೆನ್ನಿನ ಕೆಳಭಾಗಕ್ಕೆ, ಇನ್ನೊಂದನ್ನು ತೊಡೆಯ ಹಿಂಭಾಗಕ್ಕೆ ಕೊಟ್ಟು ಎತ್ತುವುದು ಸರಿಯಾದ ಕ್ರಮವೇ. ಹಾಗೆ ಹಿಡಿಯದಿದ್ದರೆ ಮಗು ಬೀಳಬಹುದು. ಆದರೆ ಆ ಮುಟ್ಟುವಿಕೆ ಎಲ್ಲರ ಕಣ್ಣೆದುರು, ಬಾರ್ ಪಕ್ಕದಲ್ಲಿ, ಆ ಚಲನೆ ನಡೆಯುವಷ್ಟು ಹೊತ್ತು ಮಾತ್ರ ಇರಬೇಕು. ಎಲ್ಲಿ ಹಿಡಿಯುತ್ತೇನೆ ಎಂದು ಮಗುವಿಗೆ ಮೊದಲೇ ಹೇಳಿರಬೇಕು. ಮಗು ‘ಬೇಡ ಸರ್’ ಅಂದರೆ ಕೈ ತೆಗೆಯಬೇಕು, ಬೈಯಬಾರದು. ಪೋಷಕರು ಕೂತು ನೋಡುವುದಕ್ಕೆ ಅಡ್ಡಿ ಇರಬಾರದು. ಅತ್ತೆಯವರನ್ನೇ ಒಂದು ಸಂಜೆ ಕರೆದುಕೊಂಡು ಹೋಗಿ ಕೂರಿಸಿ. ಮಗಳಿಗೂ ಬಿಡಿಸಿ ಹೇಳಿ: ಬೀಳದಂತೆ ಹಿಡಿಯುವುದು ಬೇರೆ, ಪಾಠವಿಲ್ಲದ ಹೊತ್ತಿನಲ್ಲಿ ಅಥವಾ ಬೇರೆ ಜಾಗದಲ್ಲಿ ಮುಟ್ಟುವುದು, ಯಾರಿಗೂ ಹೇಳಬೇಡ ಎನ್ನುವುದು ಬೇರೆ, ಎರಡನೆಯದು ನಡೆದರೆ ಅವತ್ತೇ ಅಮ್ಮನಿಗೆ ಹೇಳಬೇಕು. ಅಂಥದ್ದೇನಾದರೂ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ. 2012ರ ಪೋಕ್ಸೊ ಕಾಯ್ದೆ ಇರುವುದೇ ಇದಕ್ಕಾಗಿ.

ಅವಳ ಅಳುವಿನಲ್ಲಿ ಕಿಪ್ ಎಷ್ಟು, ಗೆಳತಿಯರು ಎಷ್ಟು? ಪತ್ರದ ಪ್ರಕಾರ ಅಳು ಶುರುವಾದದ್ದು ಜೂನ್‌ನಲ್ಲಿ ಅಲ್ಲ, ಬ್ಯಾಚ್ ಬೇರೆಯಾದ ಮೇಲೆ. ಏಳು ತಿಂಗಳು ಕಿಪ್ ಬಾರದೆಯೂ ಅವಳು ನಗುತ್ತ ಹೋಗಿಬರುತ್ತಿದ್ದಳು, ಏಕೆಂದರೆ ಪಕ್ಕದಲ್ಲಿ ಇಬ್ಬರಿದ್ದರು. ಒಂದೇ ಚಲನೆಯನ್ನು ಅಳತೆಗೋಲು ಮಾಡಿ ಮಕ್ಕಳನ್ನು ಬೇರ್ಪಡಿಸುವುದು ನನಗೆ ಸರಿ ಕಾಣುವುದಿಲ್ಲ; ಕೋಚ್‌ಗೆ ಅವರದೇ ಅನುಕೂಲವಿರಬಹುದು, ಆದರೆ ಹತ್ತು ವರ್ಷದವಳಿಗೆ ಅದು ಶಿಕ್ಷೆಯೇ. ವಾರ್ಮ್ ಅಪ್ ಮತ್ತು ಬೀಮ್ ಅನ್ನಾದರೂ ಎರಡು ಬ್ಯಾಚಿನವರಿಗೆ ಒಟ್ಟಿಗೆ ಮಾಡಿಸಬಹುದೇ ಎಂದು ಕೇಳಿ. ಆಗದಿದ್ದರೆ ಶನಿವಾರ ಆ ಇಬ್ಬರನ್ನೂ ಮನೆಗೆ ಕರೆಯಿರಿ. ಮೂವರೂ ಕೂತು ಬಿಸಿ ಬಿಸಿ ದೋಸೆ ತಿನ್ನಲಿ.

ಕೋಚ್ ಹತ್ತಿರ ಮಾತಾಡಲು ಹೋಗುವಾಗ ‘ಯಾವಾಗ ಬರುತ್ತದೆ?’ ಎಂದು ಕೇಳಬೇಡಿ, ಅದು ಅವರಿಗೂ ಗೊತ್ತಿಲ್ಲ. ‘ಯಾವ ಭಾಗ ಬಂದಿದೆ, ಯಾವುದು ಇನ್ನೂ ಬರಬೇಕು?’ ಎಂದು ಕೇಳಿ. ಕಲಿಸಲು ಬಲ್ಲವರು ಅವಳ ಪಾದದ ಬಗ್ಗೆ, ಮಣಿಕಟ್ಟಿನ ಬಗ್ಗೆ, ಗ್ಲೈಡ್ ಬಗ್ಗೆ ಬಿಡಿಸಿ ಹೇಳುತ್ತಾರೆ. ‘ಅವಳು ಟ್ರೈ ಮಾಡಲ್ಲ’, ‘ಅವಳಿಗೆ ಧೈರ್ಯ ಇಲ್ಲ’ ಎಂಬ ಮಾತಷ್ಟೇ ಬಂದರೆ, ಅಥವಾ ಇತರ ಮಕ್ಕಳೆದುರು ಅವಳನ್ನು ಹಂಗಿಸುವುದು ನಿಮ್ಮ ಕಣ್ಣಿಗೆ ಬಿದ್ದರೆ, ಬೇರೆ ಕಡೆ ಸೇರಿಸುವ ಯೋಚನೆ ಮಾಡಬಹುದು. ಕಿಪ್ ಬೇಗ ಬರಲಿ ಎಂಬ ಒಂದೇ ಆಸೆಗೆ ಕ್ಲಾಸು ಬದಲಿಸುವುದು ಬೇಡ.

ಬಿಡಿಸುವ ಪ್ರಶ್ನೆಗೆ ಬರುತ್ತೇನೆ. ‘ಕಿಪ್ ಬರುತ್ತದೆಯೇ’ ಎನ್ನುವುದು ಒಂದು ಪ್ರಶ್ನೆ, ‘ಅವಳಿಗೆ ಅಲ್ಲಿ ಹೋಗಲು ಇಷ್ಟವೇ’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬಾರದೆ ಇದ್ದದ್ದಕ್ಕೆ ನೀವು ಎರಡನೆಯದನ್ನೂ ಮುಗಿಸಿಬಿಡಲು ಹೊರಟಿದ್ದೀರಿ. ಈಗ ಬಿಡಿಸಿದರೆ ‘ನನ್ನ ಕೈಯಲ್ಲಿ ಆಗಲಿಲ್ಲ, ಅದಕ್ಕೇ ಬಿಡಿಸಿದರು’ ಎಂದೇ ಅವಳು ತಿಳಿಯುತ್ತಾಳೆ. ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆಯಲ್ಲಿ ಹದಿನೈದು ದಿನ ಅಜ್ಜಿಯ ಊರಿಗೋ ಚಿಕ್ಕಮ್ಮನ ಮನೆಗೋ ಹೋಗಿಬರಲಿ, ಬಾರ್ ಮಾತೇ ಬೇಡ. ವಾಪಸ್ ಬಂದ ಮೇಲೆ ಅವಳನ್ನೇ ಕೇಳಿ, ಮುಂದುವರಿಸುತ್ತೀಯೋ ಅಂತ. ಹೋಗುತ್ತೇನೆ ಎಂದರೆ ಕಳಿಸಿ. ಭರತನಾಟ್ಯ ಕಲಿಯುತ್ತೇನೆ ಎಂದರೆ ಸಂತೋಷದಿಂದ ಸೇರಿಸಿ, ಎರಡು ವರ್ಷ ಗಟ್ಟಿಯಾದ ಆ ಮೈ ಅಲ್ಲಿಯೂ ಅವಳ ಜತೆಗಿರುತ್ತದೆ.

ಇದೆಲ್ಲದರ ನಡುವೆ ಊಟ, ನಿದ್ದೆಯ ವಿಷಯವನ್ನು ಮಾತ್ರ ಮುಂದೂಡಬೇಡಿ. ರಾಡ್ ಬಿಚ್ಚಿಟ್ಟು, ದಿನದ ಪ್ರಶ್ನೆ ನಿಲ್ಲಿಸಿ ಎರಡು-ಮೂರು ವಾರ ಆದರೂ ಅರ್ಧ ಊಟಕ್ಕೇ ಏಳುತ್ತಿದ್ದರೆ, ರಾತ್ರಿ ಎಚ್ಚರವಾಗುತ್ತಿದ್ದರೆ, ಸ್ಕೂಲಿನ ಮೇಲೂ ಆಸಕ್ತಿ ಹೋಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮೊದಲು ನೀವೇ ಮಾತಾಡಿ ನೋಡಿ, ಮಗಳನ್ನು ಆಮೇಲೆ ಕೂರಿಸಬಹುದು.